ಪೊರಕೆಗೆ ಮುಂಚೆ ಒಂದು ಫೋಟೋ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಗಾಜಿನ ಲೋಟ ಒಡೆಯಿತು. ಒಡೆದವನು ನಾನೇ. ಚಾಮರಾಜನಗರದ ಬಸ್ಸಿನ ಕಂಡಕ್ಟರೊಬ್ಬರು ಚಿಲ್ಲರೆ ಇಲ್ಲ ಅಂದವರ ಮುಂದೆ ಕೈ ಬೀಸುವ ವೈಖರಿಯನ್ನು ಅವ್ವನಿಗೆ ತೋರಿಸುತ್ತಿದ್ದೆ. ಬೀಸು ಥೇಟ್ ಅವರದ್ದೇ ಬಂತು. ಆದರೆ ಬಸ್ಸಿನಲ್ಲಿ ಅವರು ಕೈ ಬೀಸುವ ಜಾಗದಲ್ಲಿ ಟೀ ಲೋಟ ಇರುವುದಿಲ್ಲ, ನೋಡಿ.

ಲೋಟ ಒಡೆದದ್ದು ದೊಡ್ಡ ಸುದ್ದಿಯಲ್ಲ. ನನ್ನ ಕಲಾಸೇವೆಗೆ ನಮ್ಮ ಮನೆಯ ಪಾತ್ರೆಪಡಗ ಬೇಕಾದಷ್ಟು ಬಲಿಯಾಗಿವೆ. ಸುದ್ದಿ ಇರುವುದು ಆಮೇಲಿನದರಲ್ಲಿ. ಅವ್ವ ಪೊರಕೆ ಹಿಡಿದು ಬಂದಳು, ಬಂದು ಸುಮ್ಮನೆ ನಿಂತಳು. ನೆಲಕ್ಕೆ ಬಿದ್ದದ್ದರ ಸದ್ದು ಅಡಗುವ ಮೊದಲೇ ಅದನ್ನು ಮೊರಕ್ಕೆ ತುಂಬಿ ಆಚೆ ಹಾಕುವ ಹೆಂಗಸು ಪೊರಕೆಯನ್ನು ಬಂದೂಕಿನ ಹಾಗೆ ಹೆಗಲಿಗೆ ಆನಿಸಿಕೊಂಡು ಕಾವಲು ನಿಂತಿದ್ದಾಳೆ.

"ಫೋಟೋ ತಗಂಡ್ಯೇನ್ಲಾ?" ಅಂದಳು.

"ಯಾತರದವ್ವ?"

"ಲೋಟದ್ದು ಕಣ್ಲಾ. ಗುಡಿಸ್ಬುಟ್ಟ ಮ್ಯಾಲೆ ನನ್ನ ಅನ್ಬ್ಯಾಡ."

ಇಂಥ ಅವ್ವ ನಮಗೆ ಹೇಗೆ ಸಿಕ್ಕಳು ಅನ್ನುವುದು ಒಂದು ಕಥೆ. ಅದರಲ್ಲಿ ಒಂದು ಬಿರುಗಾಳಿ ಇದೆ, ಒಂದು ಇನ್ಶೂರೆನ್ಸ್ ಇದೆ, ನನ್ನ ಮರ್ಯಾದೆ ಹೋಗಬೇಕಾಗಿದ್ದ ಒಂದು ವಿಡಿಯೋ ಇದೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವ ಅತಿಥಿ. ಪಾಠಕ್ಕಿಂತ ಮಿಮಿಕ್ರಿಯಲ್ಲೇ ನನಗೆ ಹೆಸರು. ಪ್ರಾಂಶುಪಾಲರು ಮೈಕಿಗೆ ಊದಿ ಊದಿ "ಕೇಳಿಸ್ತಿದೆಯಾ" ಅನ್ನುವುದು, ಬೇಗೂರಿನ ಹೋಟೆಲಿನ ಸಪ್ಲೈಯರ್ ಒಂದೇ ಉಸಿರಿನಲ್ಲಿ ತಿಂಡಿಯ ಪಟ್ಟಿ ಒಪ್ಪಿಸುವುದು, ಹೂವಿನ ವ್ಯಾಪಾರಕ್ಕೆ ಬರುವ ಮಲಯಾಳಿ ಚೇಟ ನಮ್ಮ ಚೆಂಡು ಹೂವನ್ನು ಮೂಸಿ ಮುಖ ಸಿಂಡರಿಸುವುದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಮದುವೆ ಮನೆಗಳಲ್ಲಿ ಊಟದ ಪಂಕ್ತಿ ತಡವಾದರೆ ಜನರನ್ನು ಹಿಡಿದಿಡಲು ನನ್ನನ್ನೇ ಎಬ್ಬಿಸುತ್ತಾರೆ. ನನ್ನ ಸ್ವಂತ ದನಿ ಯಾವುದು ಅಂತ ಕೇಳಬೇಡಿ. ಇದ್ದ ನೆನಪಿದೆ, ಎಲ್ಲಿಟ್ಟೆನೋ ಗೊತ್ತಿಲ್ಲ.

ಈ ಗಂಟಲಿನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುವ ಮಾಲು ಯಾವುದು ಗೊತ್ತಾ? ನಮ್ಮಪ್ಪ. ಗುಂಡ್ಲುಪೇಟೆಯಲ್ಲಿ ಅಪ್ಪನ ಮಿಮಿಕ್ರಿ ನೋಡದವರು ಒಬ್ಬರೇ ಇದ್ದರು. ಅವರು ಅಪ್ಪ.

ಅಪ್ಪ ಬೇಗೂರಿನ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಜೀವಮಾನವಿಡೀ ಮಾತಾಡಿದ್ದೆಲ್ಲ ದನಗಳ ಜೊತೆ. ಚಿಕ್ಕವನಿದ್ದಾಗ ರಜೆಯಲ್ಲಿ ನಾನೂ ಹೋಗಿ ಆಸ್ಪತ್ರೆಯ ಕಟ್ಟೆಯ ಮೇಲೆ ಕೂರುತ್ತಿದ್ದೆ. ಫಿನೈಲು, ಸಗಣಿ, ಯಾರೋ ಸುಲಿದ ಕಡಲೆಕಾಯಿ, ಮೂರೂ ಸೇರಿದ ವಾಸನೆ. ಭೀಮನಬೀಡಿನ ಕಡೆಯಿಂದ ಯಾರಾದರೂ ಹಸು ಹೊಡೆದುಕೊಂಡು ಬರುತ್ತಿದ್ದರು. ಡಾಕ್ಟರು ಕೈಯುದ್ದದ ಸೂಜಿ ಹಿಡಿದು ಹಿಂದೆ ನಿಂತರೆ, ಅಪ್ಪ ಮುಂದೆ ನಿಂತು ಮೂಗುದಾರ ಹಿಡಿದು, ಹಸುವಿನ ಕಿವಿಯ ಹತ್ತಿರ ಬಾಯಿಟ್ಟು, ತಗ್ಗಿದ ದನಿಯಲ್ಲಿ ಎಳೆದೆಳೆದು ಹೇಳುತ್ತಿದ್ದರು: "ಏನೂ ಆಗಕ್ಕಿಲ್ಲ ಕಣವ್ವಾ... ಏನೂ ಆಗಕ್ಕಿಲ್ಲ." ಸೂಜಿ ಚುಚ್ಚಿದ ಮೇಲೆ: "ಏನೂ ಆಗಿಲ್ಲ ಕಣವ್ವಾ... ಏನೂ ಆಗಿಲ್ಲ." ಹಸುಗಳು ನಂಬುತ್ತಿದ್ದವು. ದನಗಳ ಮೇಲೆ ಕೆಲಸ ಮಾಡಿದ ಮಾತು ಜನರ ಮೇಲೂ ಮಾಡೀತು ಅಂತ ಅಪ್ಪ ಅದನ್ನು ಮನೆಗೂ ತಂದರು. ನಾನು ಗಣಿತದಲ್ಲಿ ಫೇಲಾದಾಗ ನನ್ನ ಕಿವಿಗೂ ಅದೇ ಮಂತ್ರ. ಅವ್ವನ ಹಲ್ಲು ನೋವಿಗೂ ಅದೇ.

ಅವ್ವನ ರೀತಿ ಬೇರೆ, ಗುರಿ ಒಂದೇ. ಮನೆಗೆ ಯಾರಾದರೂ ಬರುತ್ತಾರೆ ಅಂದರೆ ಸಾಕು, ನಮ್ಮ ಮನೆಯ ಸಕಲ ಕಷ್ಟಗಳೂ ಮಂಚದ ಕೆಳಗೆ ಹೋಗುತ್ತಿದ್ದವು. ಸಂತೆಮರಹಳ್ಳಿಯ ಸೋದರತ್ತೆ ಬಂದರೆ ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ಏರುತ್ತಿತ್ತು, ಹರಿದ ಚಾಪೆಯ ಮೇಲೆ ಹೊಸ ಬೆಡ್‌ಶೀಟು ಬೀಳುತ್ತಿತ್ತು. ಕಾಲು ಮುರಿದ ಕುರ್ಚಿಯನ್ನು ಗೋಡೆಗೆ ಒರಗಿಸಿ ನನ್ನನ್ನು ಅದರ ಮೇಲೆ ಕೂರಿಸುತ್ತಿದ್ದಳು. ಬೇರೆಯವರು ಕೂತು ಬೀಳಬಾರದಲ್ಲ! "ಅಲ್ಲಾಡ್ಬ್ಯಾಡ ಕಣ್ಲಾ, ಅತ್ತೆ ಓಗಗಂಟ" ಅಂತ ಕಣ್ಣಲ್ಲೇ ಆಜ್ಞೆ. ಬಾಲ್ಯದಲ್ಲಿ ಬೇರೆಯವರು ಮಾವಿನ ಮರ ಕಾದಿರಬಹುದು. ನಾನು ಕುರ್ಚಿ ಕಾದವನು.

ಅಪ್ಪನಿಗೆ ಬಹುವಚನ, ಅವ್ವನಿಗೆ ಏಕವಚನ ಹಾಕುತ್ತಾನಲ್ಲ ಅಂದುಕೊಂಡಿರಾ? ಭಯ ಮಾತ್ರ ಉಲ್ಟಾ.

ಈಗ ಗಾಳಿಗೆ ಬರೋಣ. ಹೋದ ವರ್ಷ, ಮುಂಗಾರು ಇನ್ನೂ ಕಾಲಿಡದ ದಿನಗಳು. ನಮ್ಮ ಮನೆಯ ತಾರಸಿಯ ಮೇಲೆ ಒಂದು ಕೋಣೆ ಇದೆ, ಮೇಲೆ ತಗಡಿನ ಶೀಟು. ಅದು ಅವ್ವನ ಹೊಲಿಗೆ ಕೋಣೆ. ಬ್ಯಾಂಕಿನ ಸಾಲ ತೆಗೆದು ಮನೆ ಕಟ್ಟುವಾಗ ಅವ್ವ ಕೇಳಿದ್ದು ಅದೊಂದನ್ನೇ. ಅಡುಗೆ ಮನೆ ಎಷ್ಟಗಲ, ದೇವರ ಮನೆ ಎಲ್ಲಿ ಎಂಬುದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. "ನಂಗೆ ಮಿಷನ್ ಇಕ್ಕಕ್ಕೆ ಬೆಳಕಿರೋ ಒಂದು ಜಾಗ ಮಾಡಿಕೊಡಿ" ಅಂದಿದ್ದಳು. ಬೀದಿಯ ಅರ್ಧ ಹೆಂಗಸರ ರವಿಕೆ ಅಲ್ಲಿ ಹುಟ್ಟುತ್ತದೆ, ಪೂರ್ತಿ ಬೀದಿಯ ಸುದ್ದಿಯೂ.

ಆ ಮಧ್ಯಾಹ್ನ ಬಂಡೀಪುರದ ಕಡೆಯ ಆಕಾಶ ಕಪ್ಪಗಾಯಿತು. ನೋಡನೋಡುತ್ತ ಗಾಳಿ ಎದ್ದಿತು. ಅವ್ವ, ಅಪ್ಪ, ನಾನು ಮೂವರೂ ಮಹಡಿಗೆ ಓಡಿದೆವು. ಅವ್ವ ಮಿಷನ್ನಿಗೆ ಟಾರ್ಪಾಲು ಸುತ್ತಿ ತಬ್ಬಿಕೊಂಡಳು. ಅಪ್ಪ ಶೀಟಿನ ತುದಿ ಹಿಡಿದುಕೊಂಡರು. ನಾನು ಬಾಗಿಲು ಹಿಡಿದುಕೊಂಡೆ, ಬಾಗಿಲಿಗೆ ಏನೂ ಆಗಿರಲಿಲ್ಲ. ಶೀಟು ಮೇಲೇಳಲು ಕೊಸರಾಡುತ್ತಿದೆ, ಅಪ್ಪ ಅದರ ಕಿವಿಯಲ್ಲಿ, ಅಂದರೆ ಅದಕ್ಕೆ ಕಿವಿ ಇರಬಹುದಾದ ಕಡೆ, ಹೇಳುತ್ತಿದ್ದಾರೆ: "ಏನೂ ಆಗಕ್ಕಿಲ್ಲ ಕಣವ್ವಾ... ನಿಂತ್ಕೊ ನನ್ನವ್ವ... ಏನೂ ಆಗಕ್ಕಿಲ್ಲ." ಭೀಮನಬೀಡಿನ ಹಸು ಆಗಿದ್ದರೆ ನಿಲ್ಲುತ್ತಿತ್ತು. ಶೀಟು ನಿಲ್ಲಲಿಲ್ಲ. ನಾನು ಕೂಗಿ ಅಪ್ಪನನ್ನು ಎಳೆದುಕೊಂಡೆ. ಶೀಟುಗಳು ಒಂದರ ಹಿಂದೆ ಒಂದು ಹಾರಿದವು. ಹೋಗುವಾಗ ಸುಮ್ಮನೆ ಹೋಗದೆ ಪ್ಯಾರಾಪೆಟ್ ಗೋಡೆಯನ್ನು ಕೆಡವಿ, ಕೋಣೆಯ ಗೋಡೆಯನ್ನು ಮೂಲೆಯಿಂದ ಮೂಲೆಗೆ ಸೀಳಿ ಹೋದವು.

ಹಿಂದೆಯೇ ಸುರಿದ ಮಳೆ ನಿಂತ ಮೇಲೆ ಅವ್ವ, ಅಪ್ಪ ಕೆಳಗೆ ನೀರು ಎತ್ತಿಹಾಕುತ್ತಿದ್ದರು. ನಾನು ಮೇಲೆ ಹೋದೆ. ಸಹಾಯಕ್ಕಲ್ಲ. ನಿಮ್ಮಿಂದ ಮುಚ್ಚಿಡುವುದೇನು, ಫೋನನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ, ಒಮ್ಮೊಮ್ಮೆ ಕೈಯಲ್ಲೂ ಹಿಡಿದು, ಅಪ್ಪನ ಮಿಮಿಕ್ರಿ ಮಾಡಿದೆ. ಬಿದ್ದ ಗೋಡೆಗೆ "ಏನೂ ಆಗಿಲ್ಲ ಕಣವ್ವಾ", ಬಿರುಕಿಗೆ "ಏನೂ ಆಗಿಲ್ಲ ಕಣವ್ವಾ", ಆಕಾಶ ಕಾಣುವ ಸೂರಿಗೆ "ಏನೂ ಆಗಿಲ್ಲ ಕಣವ್ವಾ". ಒಂದೊಂದರ ಹತ್ತಿರವೂ ಹೋಗಿ ಇಲ್ಲದ ಮೂಗುದಾರ ಹಿಡಿದು, ಮೈ ಸವರಿ ಸಮಾಧಾನ ಹೇಳಿದೆ. ಕಾಲೇಜಿನ ಗೆಳೆಯರ ಗುಂಪಿಗೆ ಕಳಿಸಿದೆ. ಅವರೆಲ್ಲ ನಗುವ ಮುಖಗಳನ್ನು ಕಳಿಸಿದರು. ನನ್ನ ಪಾಲಿಗೆ ಬಿರುಗಾಳಿಯ ಅಧ್ಯಾಯ ಅಲ್ಲಿಗೆ ಮುಗಿದಿತ್ತು.

ಮಾರನೇ ದಿನ ಸಾಲದ ಕಂತು ಕಟ್ಟಲು ಬ್ಯಾಂಕಿಗೆ ಹೋದಾಗ ಅಲ್ಲಿನ ಮೇಡಂ ಕೇಳಿದರು, "ನಿಮ್ಮ ಬೀದಿಗೆ ಗಾಳಿ ಜೋರಂತೆ? ಮನೆಗೆ ಇನ್ಶೂರೆನ್ಸ್ ಇದೆಯಲ್ಲ, ಹೇಳಿದಿರಾ ಅವರಿಗೆ?"

ಮನೆಗೆ ಇನ್ಶೂರೆನ್ಸ್! ಸಾಲ ಕೊಡುವಾಗಲೇ ಮಾಡಿಸಿದ್ದರಂತೆ. ಅಪ್ಪ ಅದನ್ನು ತಮ್ಮ ಜೀವಕ್ಕೆ ಮಾಡಿಸಿದ್ದು ಅಂದುಕೊಂಡು, ಇಷ್ಟು ವರ್ಷ ತಾವು ಸಾಯದೆ ಇದ್ದು ಕಂಪನಿಗೆ ಉಪಕಾರ ಮಾಡುತ್ತಿರುವುದಾಗಿ ತಿಳಿದಿದ್ದರು.

ಮೇಡಂ ತಾಳ್ಮೆಯಿಂದ ಬಿಡಿಸಿ ಹೇಳಿದರು. ಗಾಳಿ, ಮಳೆ, ಸಿಡಿಲು, ಬೆಂಕಿ ಇಂಥವು ತಟ್ಟಕ್ಕನೆ ಬಂದು ಮಾಡಿದ ಹಾನಿಗೆ ದುಡ್ಡು ಸಿಗುತ್ತದೆ. ವರ್ಷಗಟ್ಟಲೆ ತೇವ ಹಿಡಿದು ಉದುರುವ ಗೋಡೆಗೆ ಸಿಗುವುದಿಲ್ಲ. ಮನೆ ಅಂದರೆ ಕಟ್ಟಡ ಮಾತ್ರ, ಸಾಮಾನಿಗೆ ಬೇರೆ ಮಾಡಿಸಬೇಕು, ನೀವು ಮಾಡಿಸಿಲ್ಲ. "ಮನೆ ಖಾಲಿ ಮಾಡುವಾಗ ಲಾರಿಗೆ ಹೇರೋದೆಲ್ಲ ಸಾಮಾನು, ಬಿಟ್ಟು ಹೋಗೋದು ಕಟ್ಟಡ" ಅಂದರು. ಚಿಕ್ಕಪುಟ್ಟದಕ್ಕೆಲ್ಲ ಕ್ಲೇಮಿಗೆ ಓಡಬಾರದು, ಪ್ರತಿ ನಷ್ಟದಲ್ಲೂ ಮೊದಲ ಒಂದಿಷ್ಟು ದುಡ್ಡು ನಮ್ಮ ಕೈಯಿಂದಲೇ ಹೋಗಬೇಕು. ಆದರೆ ಸೂರೇ ಹೋದಾಗ ತಡ ಮಾಡಬಾರದು, ಕೂಡಲೇ ಫೋನ್ ಮಾಡಬೇಕು. "ಹಾನಿ ಲೆಕ್ಕ ಹಾಕೋ ಸರ್ವೆಯರ್ ಬಂದು ನೋಡೋವರೆಗೂ ರಿಪೇರಿ ಮಾಡಿಸ್ಬೇಡಿ. ಬೇಕಾದ್ರೆ ಟಾರ್ಪಾಲ್ ಹಾಕ್ಕೊಳ್ಳಿ. ಮೊದ್ಲು ಫೋಟೋ ತೆಗೆದಿಟ್ಕೊಳ್ಳಿ."

ಮನೆಗೆ ಬಂದು ಫೋನ್ ಹಚ್ಚಿದೆ. ಆ ಕಡೆಯ ಹುಡುಗಿ ಪಾಲಿಸಿ ಯಾರ ಹೆಸರಲ್ಲಿದೆಯೋ ಅವರೇ ಮಾತಾಡಬೇಕು ಅಂದಳು. ಅಪ್ಪನ ದನಿ ತೆಗೆಯಲು ನನಗೆ ಎಷ್ಟು ಹೊತ್ತು? ಆದರೆ ಅಪ್ಪ ಎದುರಿಗೇ ಕೂತಿದ್ದರು. ಸ್ಪೀಕರ್ ಹಾಕಿ ಅವರ ಕೈಗೆ ಕೊಟ್ಟೆ.

"ನಮಸ್ಕಾರ ಸರ್, ಹೇಗಿದ್ದೀರಿ?"

"ಸೆಂದಾಗಿವ್ನಿ ಕಣವ್ವ. ನೀನೆಂಗಿದ್ದೀಯೆ? ಊಟ ಆಯ್ತಾ?"

ಆ ಹುಡುಗಿಯ ಟ್ರೇನಿಂಗಿನಲ್ಲಿ ಇದು ಇರಲಿಲ್ಲ. ತಡವರಿಸಿ, "ಆ... ಆಯ್ತು ಸರ್. ನಿಮ್ಮ ಮನೆಗೆ ಏನಾಗಿದೆ ಸರ್?" ಅಂದಳು.

"ಏನೂ ಆಗಿಲ್ಲ ಕಣವ್ವಾ," ಅಂದರು ಅಪ್ಪ, "ಏನೂ ಆಗಿಲ್ಲ."

ಫೋನ್ ಕಿತ್ತುಕೊಂಡೆ. ಹೇಗೋ ಸಮಜಾಯಿಷಿ ಹೇಳಿ ದೂರು ಬರೆಸಿದ್ದಾಯಿತು. ನಾಡಿದ್ದು ಮೈಸೂರಿನಿಂದ ಸರ್ವೆಯರ್ ಬರುತ್ತಾರೆ ಅಂದಳು.

ಬ್ಯಾಂಕಿನ ಮೇಡಂ ಹೇಳಿದ್ದನ್ನೆಲ್ಲ, ಅವರದೇ ದನಿಯಲ್ಲಿ, ಅವ್ವನಿಗೆ ಒಪ್ಪಿಸಿದೆ. ರಿಪೇರಿ ಮಾಡಿಸಬಾರದು, ಫೋಟೋ ತೆಗೆಯಬೇಕು, ಇತ್ಯಾದಿ. ದನಿ ಅದ್ಭುತವಾಗಿ ಬಂತು. ಅವ್ವ ನಕ್ಕಿದ್ದೂ ನಕ್ಕಿದ್ದೇ. ಅಷ್ಟೆಲ್ಲದರಲ್ಲಿ ಅವಳ ತಲೆಗೆ ಹೋದದ್ದು ಮಾತ್ರ ಒಂದೇ: ಮೈಸೂರಿಂದ ಯಾರೋ ದೊಡ್ಡ ಮನುಷ್ಯರು ನಮ್ಮ ಮನೆ ನೋಡಲು ಬರುತ್ತಾರೆ. ಫೋಟೋ ಸಂಜೆ ಬಂದು ತೆಗೆದರಾಯಿತು ಅಂತ ನಾನು ಮರುದಿನ ಬೆಳಿಗ್ಗೆ ಬಸ್ ಹತ್ತಿದೆ.

ಸಂಜೆ ಬಂದವನಿಗೆ ನಮ್ಮ ಮನೆ ಗುರುತು ಸಿಗಲಿಲ್ಲ. ಬಾಗಿಲಲ್ಲಿ ಬಣ್ಣದ ರಂಗೋಲಿ. ತಾರಸಿ ತೊಳೆದು ಲಕಲಕ. ಬಿದ್ದ ಇಟ್ಟಿಗೆ ಒಂದೂ ಇಲ್ಲ. ಪ್ಯಾರಾಪೆಟ್ ಇದ್ದ ಜಾಗದಲ್ಲಿ ಸಾಲಾಗಿ ಹೂವಿನ ಕುಂಡ. ಹೊಲಿಗೆ ಕೋಣೆಯ ಗೋಡೆಗೆ ಬೆಳ್ಳನೆಯ ಸುಣ್ಣ, ಬಿರುಕಿಗೆ ಸಿಮೆಂಟು ಮೆತ್ತಿ ಅದರ ಮೇಲೂ ಸುಣ್ಣ. ಮೇಲೆ ಶೀಟು!

"ಶೀಟು ಎಲ್ಲಿಂದ ಬಂತವ್ವಾ?"

"ನಜೀರಣ್ಣನ ಕರ್ದೆ. ಪಾಪ, ಯಾವ್ದೋ ಅಳೇ ಶೀಟು ಇಕ್ಕಿಕೊಟ್ಟ. ಹಾರೋಗಿದ್ದ ಸೊಟ್ಟ ಶೀಟ್ನೆಲ್ಲ ಗುಜರಿಗೆ ಆಕ್ಬುಟ್ಟ."

ನಜೀರಣ್ಣ ನಮ್ಮ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯವರು. "ನಾಳೆ ಪಕ್ಕಾ ಬರ್ತೀನಿ ಅಕ್ಕಾ, ಅಲ್ಲಾ ಕಸಮ್" ಅಂದು ನಮ್ಮ ಗೇಟಿನ ಒಂದು ಕೊಂಡಿ ಬೆಸೆಯಲು ಎರಡು ಹಬ್ಬ ದಾಟಿಸಿದವರು. ಅವರದೂ ನನ್ನ ಅಂಗಡಿಯ ಜನಪ್ರಿಯ ಮಾಲೇ. ಆ ಮಹಾನುಭಾವರು ಜೀವನದಲ್ಲಿ ಮೊದಲ ಬಾರಿಗೆ ಹೇಳಿದ ದಿನವೇ ಬಂದಿದ್ದರು. ಆಮೇಲೆ ನಾನು ಹೋಗಿ ಕೇಳಿದ್ದಕ್ಕೆ ಎದೆ ಮುಟ್ಟಿಕೊಂಡು, "ಅಕ್ಕ ಫೋನಲ್ಲಿ ಅಳ್ತಾ ಇದ್ರು ತಮ್ಮಾ, ಮೈಸೂರಿಂದ ಸಾಹೇಬ್ರು ಬರ್ತಾರೆ, ಮರ್ಯಾದೆ ಪ್ರಶ್ನೆ ಅಂದ್ರು. ಎಲ್ಲಾ ಕೆಲಸ ಬಿಟ್ಟು ಓಡ್ಬಂದೆ" ಅಂದರು. ಬೈಯಲು ಹೋದವನು ಥ್ಯಾಂಕ್ಸ್ ಹೇಳಿ ಬಂದೆ.

ಅವ್ವನಿಗೆ ವಿಷಯ ಅರ್ಥವಾದಾಗ ಸುಣ್ಣದ ಬ್ರಷ್ಷು ಇನ್ನೂ ಕೈಯಲ್ಲಿತ್ತು. "ಅಂಗಾರೆ ನಮ್ಮನೆ ಸೆಂದಾಗಿರಬಾರದಿತ್ತಾ?" ಅಂದಳು. ಮೆಟ್ಟಿಲ ಮೇಲೆ ಕೂತಳು. ಆ ಹಳೇ ಶೀಟು ಮೊದಲ ಮಳೆಗೇ ಸೋರುವಂಥದ್ದು. ಗೋಡೆ ಸೀಳಿದ್ದು ಸುಣ್ಣದಿಂದ ಕೂಡುವುದಿಲ್ಲ. ದುಡ್ಡು ಬರದಿದ್ದರೆ ಆ ಗೋಡೆ ಇಳಿಸಿ ಕೋಣೆಯನ್ನೇ ಬಿಡಬೇಕು, ಮಿಷನ್ ಕೆಳಗೆ ಬಂದು ನಡುಮನೆಯ ಕತ್ತಲಲ್ಲಿ ಕೂರಬೇಕು. ಇದು ಮೂವರಿಗೂ ಗೊತ್ತಿತ್ತು. ಅಪ್ಪ ಅವ್ವನ ಪಕ್ಕ ಕೂತು ಅದೇ ಮಂತ್ರ ಶುರು ಮಾಡಿದರು, "ಏನೂ ಆಗಕ್ಕಿಲ್ಲ ಕಣಮ್ಮಿ..." ಅವ್ವ ತಿರುಗಿಯೂ ನೋಡಲಿಲ್ಲ.

ಸರ್ವೆಯರ್ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಟೇಪು, ಮುಖದಲ್ಲಿ ಎಲ್ಲರ ಮನೆಯ ಹಾನಿಯೂ ಸ್ವಲ್ಪ ಸ್ವಲ್ಪ ಉಳಿದುಕೊಂಡಂಥ ದುಃಖ. ಕಾಯಿ ಒಬ್ಬಟ್ಟು ತಿಂದರು, ಕಾಫಿ ಕುಡಿದರು. ಮೇಲೆ ಹೋಗಿ ಬೆಳ್ಳನೆಯ ಗೋಡೆ ನೋಡಿದರು, ಹೂವಿನ ಕುಂಡ ನೋಡಿದರು. ಕೆಳಗೆ ಬಂದು ಮೆಲ್ಲಗೆ ಹೇಳಿದರು, "ಅಮ್ಮಾ, ನಾನು ಹೆಣ್ಣು ನೋಡೋಕೆ ಬಂದಿಲ್ಲ. ಹಾನಿ ನೋಡೋಕೆ ಬಂದಿದೀನಿ. ಹಾನಿ ಎಲ್ಲಿ?"

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಕೈ ಮುಗಿದು, "ವಸಿ ಗಾಳಿ ಬಂದಿತ್ತು ಸಾರ್, ಅಷ್ಟೇಯ. ಏನೂ..." ಅಂದರು. ಉಳಿದದ್ದನ್ನು ಅವ್ವನ ಕಣ್ಣು ನುಂಗಿಸಿತು.

ನಾನು ಎದ್ದೆ. ನನಗೆ ಗೊತ್ತಿರುವುದು ಒಂದೇ ವಿದ್ಯೆ. ಗಾಳಿಯ ಸುಂಯ್, ಶೀಟಿನ ಪಟಪಟ, ಗೋಡೆ ಬಿದ್ದ ಧಡಲ್, ಎಲ್ಲ ಮಾಡಿ ತೋರಿಸಿದೆ. ಸರ್ವೆಯರ್ ಮುಖದ ದುಃಖ ಒಂದಿಷ್ಟು ಸಡಿಲವಾಯಿತು. "ಚೆನ್ನಾಗಿ ಮಾಡ್ತೀರಪ್ಪ. ಆದ್ರೆ ರಿಪೋರ್ಟಲ್ಲಿ ಸುಂಯ್ ಅಂತ ಬರೆಯೋಕಾಗಲ್ಲ. ಒಂದಾದ್ರೂ ಫೋಟೋ, ವಿಡಿಯೋ ಇಲ್ವಾ?"

ವಿಡಿಯೋ.

ನೀವೇ ಹೇಳಿ, ಏನು ಮಾಡಲಿ? ಇತ್ತು. ಇದ್ದದ್ದು ಅದೊಂದೇ. ಮೊದಲು ಅಪ್ಪನನ್ನು ಅಂಗಡಿಗೆ ಕಳಿಸುವ ಯೋಚನೆ ಬಂತು. "ಅಪ್ಪ, ಸಾರ್‌ಗೆ ಒಂದು ಎಳನೀರು..." ಅಂದೆ. "ಕಾಫಿ ಕುಡ್ದವ್ರೆ, ಕೂತ್ಕೊ" ಅಂದರು ಅಪ್ಪ. ಫೋನ್ ಸರ್ವೆಯರ್ ಕೈಗೆ ಕೊಟ್ಟು, ಹಳೆಯ ಅಭ್ಯಾಸದಂತೆ ಗೋಡೆಗೆ ಒರಗಿ ಅಲ್ಲಾಡದೆ ನಿಂತೆ.

ಫೋನಿನಿಂದ ಅಪ್ಪನ ದನಿ ಹೊರಟಿತು. "ಏನೂ ಆಗಿಲ್ಲ ಕಣವ್ವಾ... ಏನೂ ಆಗಿಲ್ಲ." ಸರ್ವೆಯರ್ ಮೊದಲು ಫೋನ್ ನೋಡಿದರು, ಆಮೇಲೆ ಅಪ್ಪನ ಮುಚ್ಚಿದ ಬಾಯಿ ನೋಡಿದರು, ಮತ್ತೆ ಫೋನ್ ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಬರೆದುಕೊಂಡರು. ನನ್ನ ಹಿಂದೆ ಬಿದ್ದ ಪ್ಯಾರಾಪೆಟ್, ನನ್ನ ಕೈ ಸವರುವಲ್ಲಿ ಗೋಡೆಯ ಬಿರುಕು, ನಾನು ಕತ್ತೆತ್ತಿದಲ್ಲಿ ಖಾಲಿ ಆಕಾಶ. "ಒಂದು ಮೂಲೆ ಬಿಟ್ಟಿಲ್ವಲ್ರೀ!" ಅಂದರು. ಅಷ್ಟರಲ್ಲಿ ಅಪ್ಪ ಕೈ ಚಾಚಿದರು. ಸರ್ವೆಯರ್ ನಗು ನಿಂತಿತು.

ಅಪ್ಪ ಫೋನನ್ನು ದೂರ ಹಿಡಿದು ನೋಡಿದರು. ಇನ್ನೊಂದು ಸಲ ಹಾಕಿಸಿದರು. ನನ್ನ ಅಂಗಡಿ ಆವತ್ತಿಗೆ ಮುಚ್ಚಿತು ಅಂದುಕೊಂಡೆ.

"ನಾನು ಇಂಗ್ ಮಾತಾಡ್ತೀನಾ?" ಅಂದರು ಅವ್ವನ ಕಡೆ ತಿರುಗಿ.

"ಇನ್ನೂ ಜಾಸ್ತಿ," ಅಂದಳು ಅವ್ವ.

ಅಪ್ಪ ನನ್ನನ್ನು ನೋಡಿದರು. "ಮೂಗುದಾರ ಯಾವ್ ಕೈಲಿ ಇಡೀತಾರ್ಲಾ? ಎಡಗೈ. ನೀನು ಬಲಗೈ ಮುಂದಿಟ್ಟಿದ್ದೀಯೆ. ಅಸು ಒದ್ದುಬುಡ್ತದೆ."

ಅಷ್ಟೇ. ಎದ್ದು ಮೆಟ್ಟಿಲು ಹತ್ತಿದರು. ನಾವು ಹಿಂದೆ ಹೋದೆವು. ಅಪ್ಪ ಹೊಲಿಗೆ ಕೋಣೆಯ ಬೆಳ್ಳನೆಯ ಗೋಡೆಯ ಮುಂದೆ ನಿಂತು, ಅವ್ವನ ಕತ್ತರಿ ತೆಗೆದುಕೊಂಡು, ಅದರ ತುದಿಯಿಂದ ಸುಣ್ಣ ಕೆರೆಯತೊಡಗಿದರು. ಹಸಿ ಸಿಮೆಂಟು ಉದುರಿತು. ಒಳಗೆ ಬಿರುಕು ಬೆರಳು ತೂರುವಷ್ಟು ಬಾಯಿ ಬಿಟ್ಟುಕೊಂಡು ಕೂತಿತ್ತು.

"ಆಗದೆ ಸಾರ್," ಅಂದರು ಅಪ್ಪ. ದನಿ ತಗ್ಗಿಸಲಿಲ್ಲ, ಎಳೆಯಲೂ ಇಲ್ಲ. "ಬಾಳ ಆಗದೆ. ಇದು ಇವ್ಳ ಕ್ವಾಣೆ. ಬರ್ಕೊಳಿ."

ಆ ದನಿಯನ್ನು ನಾನು ಅದುವರೆಗೂ ಕೇಳಿರಲಿಲ್ಲ. ಹೊಸ ಮಾಲು, ಆದರೂ ಅಂಗಡಿಗೆ ತಂದಿಲ್ಲ. ತರುವುದೂ ಇಲ್ಲ.

ದುಡ್ಡು ಬಂತು. ಗೋಡೆಗೆ, ಪ್ಯಾರಾಪೆಟ್ಟಿಗೆ, ಶೀಟಿಗೆ ಬಂತು. ಒಳಗೆ ನೀರು ನುಗ್ಗಿ ಕೆಟ್ಟ ಟೀವಿಗೆ ಬರಲಿಲ್ಲ, ಅದು ಲಾರಿ ಹತ್ತುವ ಸಾಮಾನು. ಅಡುಗೆ ಮನೆಯ ಹಳೇ ತೇವದ ಗೋಡೆಯನ್ನು ಅವ್ವ ಆಸೆಯಿಂದ ತೋರಿಸಿದ್ದಳು. "ಅದು ಗಾಳಿ ಮಾಡಿದ್ದಲ್ಲಮ್ಮ, ವಯಸ್ಸು ಮಾಡಿದ್ದು" ಅಂದು ಸರ್ವೆಯರ್ ಇನ್ನೊಂದು ಒಬ್ಬಟ್ಟು ಕಟ್ಟಿಸಿಕೊಂಡು ಹೋದರು. ಹೊಸ ಶೀಟು ಹಾಕುವ ಕೆಲಸ ನಜೀರಣ್ಣನಿಗೇ ಕೊಟ್ಟೆವು. ಅವರು ಯಥಾಪ್ರಕಾರ "ನಾಳೆ ಪಕ್ಕಾ" ಅಂದು, ಮಳೆಗಾಲ ಹೊಸ್ತಿಲಿಗೆ ಬಂದ ಮೇಲೆ ಬಂದರು.

ಆವತ್ತಿನಿಂದ ನಮ್ಮ ಮನೆಯಲ್ಲಿ ಏನೇ ಒಡೆದರೂ ಪೊರಕೆ ಕಾಯುತ್ತದೆ. ಮೊನ್ನೆಯ ಲೋಟಕ್ಕೂ ಕಾಯಿತು.

"ಅವ್ವಾ, ಲೋಟಕ್ಕೆಲ್ಲ ಕ್ಲೇಮ್ ಹಾಕಕ್ಕಾಗಲ್ಲ. ಅದು ಲಾರಿ ಸಾಮಾನು. ಅಲ್ಲದೆ ಒಡೆದದ್ದು ಗಾಳಿಯಲ್ಲ, ನಿನ್ನ ಮಗ. ಗುಡಿಸು," ಅಂದೆ.

"ಇರ್ಲಿ, ಒಂದು ತಗಂಡ್ಬುಡು. ಯಾವುದಕ್ಕೂ ಇರ್ಲಿ."

ತೆಗೆದೆ. ಅಷ್ಟರಲ್ಲಿ ಹಿತ್ತಲಿನಿಂದ ಅಪ್ಪ ಕೂಗಿದರು, "ಏನ್ಲಾ ಅದು ಸದ್ದು? ಏನಾಯ್ತು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಪೊರಕೆ ಕೆಳಗಿಟ್ಟಳು. ಎಡಗೈಯನ್ನು ಮುಂದೆ ಚಾಚಿ ಮೂಗುದಾರ ಹಿಡಿದಳು. ಕತ್ತು ಒಂಚೂರು ವಾಲಿಸಿ, ಒಡೆದ ಲೋಟದ ಕಡೆ ಬಗ್ಗಿ, ತಗ್ಗಿದ ದನಿಯಲ್ಲಿ ಎಳೆದೆಳೆದು ಹೇಳಿದಳು:

"ಏನೂ ಆಗಿಲ್ಲ ಕಣವ್ವಾ... ಏನೂ ಆಗಿಲ್ಲ."

ನನ್ನ ಕೈಯಲ್ಲಿ ಫೋನ್ ಹಾಗೇ ನಿಂತಿತು. ಇಷ್ಟು ವರ್ಷ ಈ ವಿದ್ಯೆ ನನಗೆ ದೇವರು ಕೊಟ್ಟದ್ದು ಅಂದುಕೊಂಡಿದ್ದೆ.

ಹಿತ್ತಲಿನಿಂದ ಅಪ್ಪನ ದನಿ ಬಂತು, ಅನುಮಾನದಿಂದ: "ಯಾರ್ಲಾ ಒಳಗೆ? ನಾನು ಇಲ್ಲೇ ಇವ್ನಲ್ಲಾ!"